ನಮ್ಮವ್ವಂದಿರ ಸುಸ್ತಿಗೆ ಯಾರು ಹೊಣೆ?

ಹೋದ ಮಾರ್ಚ್ 8ನೇ ತಾರೀಖು ನಮ್ಮ ಕಡೆಯ ಕಾಲೇಜೊಂದರಲ್ಲಿ ಮಹಿಳಾ ದಿನಾಚರಣೆ. ನನ್ನನ್ನು ಒಂದು ಕವನ ಓದೋಕೆ ಅಂತ ಕರೆದಿದ್ದರು. ಕವನಕ್ಕೆ ಮೊದಲು ಉಪನ್ಯಾಸ. ವಿಷಯ ‘ಮಹಿಳೆ ಮತ್ತು ಒತ್ತಡ ನಿರ್ವಹಣೆ’. ನಗರದಿಂದ ಬಂದಿದ್ದ ಮೇಡಂ ಚೆನ್ನಾಗಿಯೇ ಮಾತಾಡಿದರು. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ನಿಮಗಾಗಿಯೇ ಇಟ್ಟುಕೊಳ್ಳಿ ಅಂದರು. ಆಳವಾಗಿ ಉಸಿರೆಳೆದುಕೊಳ್ಳಿ, ಬಿಸಿನೀರಿಗೆ ಸುಗಂಧದ ಎಣ್ಣೆ ಹಾಕಿ ಸ್ನಾನ ಮಾಡಿ, ದಿನಚರಿ ಬರೆಯಿರಿ, ಆಗದ ಕೆಲಸಕ್ಕೆ ‘ಆಗಲ್ಲ’ ಅನ್ನೋದನ್ನ ಕಲಿಯಿರಿ ಅಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಸಭಾಂಗಣದ ಹಿಂದುಗಡೆ ಬಾಗಿಲಿಗೆ ಒರಗಿಕೊಂಡು ನಾಲ್ಕು ಜನ ಹೆಂಗಸರು ನಿಂತಿದ್ದರು. ಬೆಳಿಗ್ಗೆ ಆರಕ್ಕೇ ಬಂದು ಆ ಸಭಾಂಗಣ ಗುಡಿಸಿ ಒರೆಸಿ, ಈಗ ಟೀ ಕುಡಿದ ಕಾಗದದ ಲೋಟಗಳನ್ನು ಆರಿಸಲು ಕಾಯುತ್ತಿದ್ದವರು. ನಾನು ಇಳಿದು ಬರುವಾಗ ಅವರಲ್ಲಿ ಒಬ್ಬರು ನನ್ನ ಕೈ ಹಿಡಿದು ಕೇಳಿದರು: “ಅದ್ಯಾವ ಅರ್ಧ ಗಂಟೆ ತಾಯಿ ಆಯಮ್ಮ ಹೇಳಿದ್ದು? ಯಾವ ಹೊತ್ತಿಂದು?”

ನನ್ನ ಬಳಿ ಉತ್ತರವಿರಲಿಲ್ಲ. ನಾನು ಓದಿದ ಕವನದಲ್ಲೂ ಇರಲಿಲ್ಲ. ಅದಕ್ಕೇ ಈ ಬರಹ.

ಆ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮಗೆ ಗೊತ್ತಿರೋ ಹೆಂಗಸಿನ ಬಗ್ಗೆ ಮಾತಾಡಿದರು. ನನ್ನ ಸಿಟ್ಟು ಆ ‘ನಿರ್ವಹಣೆ’ ಅನ್ನೋ ಪದದ ಮೇಲೆ. ಆಫೀಸಿನಿಂದ ಬಂದ ಪದ ಅದು. ಮೇಲಿನವನು ಹೊರೆ ಹೊರಿಸುತ್ತಾನೆ, ಕೆಳಗಿನವಳು ಅದನ್ನು ನಿರ್ವಹಿಸಬೇಕು. ಹೊರೆ ಯಾಕೆ ಇಷ್ಟು ಭಾರ ಅಂತ ಕೇಳುವ ಹಾಗಿಲ್ಲ, ಹೊತ್ತುಕೊಳ್ಳುವ ಭಂಗಿ ಸರಿಯಾಗಿದೆಯಾ ಅಂತ ಮಾತ್ರ ನೋಡಿಕೊಳ್ಳಬೇಕು!

ನಮ್ಮವ್ವನ ಒಂದು ದಿನ ಹೇಳುತ್ತೇನೆ, ಕೇಳಿ. ನಾಲ್ಕೂವರೆಗೆ ಏಳುತ್ತಾಳೆ. ಬೋರಿನ ನೀರು ಬರೋದು ಐದಕ್ಕೆ, ಅದೂ ಒಂದು ದಿನ ಬಿಟ್ಟು ಒಂದು ದಿನ. ಮೊದಲು ಹೋದರೆ ಮೊದಲ ಬಿಂದಿಗೆ, ತಡವಾದರೆ ಜಗಳ. ಆಮೇಲೆ ಒಲೆ, ಹಿಟ್ಟು, ಅಪ್ಪನ ಬುತ್ತಿ, ತಮ್ಮನ ಬಟ್ಟೆ. ಎಂಟಕ್ಕೆ ಗೌಡರ ಗದ್ದೆ. ಕಬ್ಬಿನ ಕಾಲಕ್ಕೆ ಕಬ್ಬು, ನಾಟಿ ಕಾಲಕ್ಕೆ ನಾಟಿ. ಮಧ್ಯಾಹ್ನ ಬದುವಿನ ಮೇಲೆ ತಣ್ಣಗಾದ ಮುದ್ದೆ. ಉಚ್ಚೆ ಹೊಯ್ಯೋಕೆ ಮರೆ ಇಲ್ಲ ಅಂತ ನೀರನ್ನೇ ಕುಡಿಯಲ್ಲ. ಸಂಜೆ ಆರಕ್ಕೆ ಬಂದರೆ ಮತ್ತೆ ಒಲೆ. ಬುಧವಾರ ಬಂತು ಅಂದರೆ ಸಂಘದ ಸಾಲದ ಕಂತು. ಕಂತಿನ ಹಿಂದಿನ ರಾತ್ರಿ ಅವ್ವ ಮಲಗುವುದಿಲ್ಲ. ಸೂರಿಗೆ ಕಣ್ಣು ನೆಟ್ಟು ಬೆರಳು ಮಡಿಸುತ್ತಿರುತ್ತಾಳೆ. “ಮಲಿಕೊ ಅವ್ವ” ಅಂದರೆ “ನಿದ್ದೆ ಬರಕಿಲ್ಲ ಕನ ಮಗ, ಎದೆ ಡವಡವ ಅಂತದೆ” ಅನ್ನುತ್ತಾಳೆ. ಈ ಡವಡವ ಇವತ್ತಿನದಲ್ಲ. ನನಗೆ ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ.

ಇದು ಒಬ್ಬಳ ಗೋಳು ಅಂತ ಯಾರೂ ಅನ್ನಬೇಡಿ. ಕೇಂದ್ರ ಸರ್ಕಾರವೇ 2024ರಲ್ಲಿ ಸಮಯದ ಲೆಕ್ಕ ತೆಗೆಯಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಸವೆಸುತ್ತಾರೆ, ಗಂಡಸರು 88 ನಿಮಿಷ. ಮನೆಗೆಲಸಕ್ಕೆ ಕೈ ಹಾಕೋ ಗಂಡಸರನ್ನು ಮಾತ್ರ ಹಿಡಿದು ಹಾಕಿದ ಲೆಕ್ಕ ಅದು. ಕೈಯೇ ಹಾಕದವರು ಲೆಕ್ಕಕ್ಕೇ ಸಿಕ್ಕಿಲ್ಲ.

ಈಗ ಮೈಯೊಳಗೆ ಏನಾಗುತ್ತದೆ ಅನ್ನೋದನ್ನ ನೋಡೋಣ. ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ತರಗತಿಯಲ್ಲಿ ಹೇಳಿ. ಪಠ್ಯದಲ್ಲಿ ಅಡ್ರಿನಲ್ ಗ್ರಂಥಿಯ ಚಿತ್ರ ಬಿಡಿಸಿ ಹೆಸರು ಬರೆಸಿ ಮುಗಿಸುತ್ತೀರಿ, ಅದು ನಮ್ಮ ಕೇರಿಯಲ್ಲಿ ಏನು ಮಾಡುತ್ತಿದೆ ಅಂತ ಹೇಳುವುದಿಲ್ಲ.

ಗೂಳಿ ಅಟ್ಟಿಸಿಕೊಂಡು ಬಂತು ಅಂತಿಟ್ಟುಕೊಳ್ಳಿ. ಮೂತ್ರಪಿಂಡದ ತಲೆಯ ಮೇಲೆ ಕೂತ ಆ ಸಣ್ಣ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್, ಕಾರ್ಟಿಸಾಲ್ ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ಸಕ್ಕರೆ ರಕ್ತಕ್ಕೆ ನುಗ್ಗುತ್ತದೆ, ಹೊಟ್ಟೆ ಅರಗಿಸೋದನ್ನ ನಿಲ್ಲಿಸುತ್ತದೆ. ಓಡಿ ಬೇಲಿ ಹಾರಿದಿರಿ, ಗೂಳಿ ಹೋಯಿತು, ಮೈ ಮತ್ತೆ ತಣ್ಣಗಾಯಿತು. ಇದು ಮೈಗೆ ಇರುವ ಒಳ್ಳೆಯ ಗುಣ, ಜೀವ ಉಳಿಸೋ ಗುಣ. ಆದರೆ ಗೂಳಿ ಹೋಗದೇ ಇದ್ದರೆ? ಅದು ಪ್ರತಿ ಬುಧವಾರ ಬಂದರೆ? ಗದ್ದೆಯಲ್ಲಿ ಒಂದು ಗೂಳಿ, ಮನೆಯಲ್ಲಿ ಕುಡಿದು ಬಂದ ಇನ್ನೊಂದು, ನಲ್ಲಿಯ ಹತ್ತಿರ ‘ಅತ್ಲಾಗಿ ನಿಂತ್ಕೊ’ ಅನ್ನೋ ಮತ್ತೊಂದು ಇದ್ದರೆ? 1936ರಲ್ಲಿ ಹ್ಯಾನ್ಸ್ ಸೆಲ್ಯೆ ಅನ್ನೋ ವಿಜ್ಞಾನಿ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಹೇಳಿದ. ಕಷ್ಟ ಯಾವುದೇ ಇರಲಿ, ಚಳಿಯೋ ವಿಷವೋ ಗಾಯವೋ, ಎಡೆಬಿಡದೆ ಬಂದರೆ ಮೈ ಒಂದೇ ರೀತಿ ಹಾಳಾಗುತ್ತದೆ. ಅಡ್ರಿನಲ್ ಊದುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ರೋಗದ ಎದುರು ನಿಲ್ಲುವ ಅಂಗಗಳು ಸೊರಗುತ್ತವೆ. ಮೊದಲು ಎಚ್ಚರ, ಆಮೇಲೆ ತಾಳಿಕೆ, ಕೊನೆಗೆ ದಣಿವು. ತಾಳ್ಮೆಯೇ ಹೆಣ್ಣಿನ ಆಭರಣ ಅಂತ ನಮ್ಮ ಪುರಾಣ ಪುಣ್ಯಕಥೆಗಳು ಹಾಡಿ ಹೊಗಳುತ್ತವಲ್ಲ, ಆ ತಾಳ್ಮೆಯ ಮುಂದಿನ ಮೆಟ್ಟಿಲು ಯಾವುದು ಅಂತ ಇಲಿ ತೋರಿಸಿತು.

ಹೆಂಗಸಿನ ಮೈಯಲ್ಲಿ ಇದು ಇನ್ನೂ ಒಳಗೆ ಹೋಗುತ್ತದೆ. ಮಿದುಳು ಕಷ್ಟದಲ್ಲಿದ್ದಾಗ ಅಂಡಾಶಯಕ್ಕೆ ಕಳಿಸೋ ಸುದ್ದಿಯನ್ನು ತಡೆಹಿಡಿಯುತ್ತದೆ. ಮುಟ್ಟು ತಪ್ಪುತ್ತದೆ, ಇಲ್ಲಾ ಹದ ತಪ್ಪುತ್ತದೆ. ರಕ್ತದೊತ್ತಡ ಏರುತ್ತದೆ, ಸಕ್ಕರೆ ಏರುತ್ತದೆ, ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಮತ್ತೆ ಒತ್ತಡ ಏರುತ್ತದೆ. ಅದರ ಮೇಲೆ ರಕ್ತವೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. 2004ರಲ್ಲಿ ಅಮೆರಿಕದಲ್ಲಿ ಎಲಿಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ಜೊತೆಯವರು ತಾಯಂದಿರ ರಕ್ತ ಪರೀಕ್ಷೆ ಮಾಡಿದರು. ಅವರಲ್ಲಿ ಹೆಚ್ಚಿನವರು ದೀರ್ಘಕಾಲದ ಕಾಯಿಲೆಯ ಮಕ್ಕಳನ್ನು ಸಾಕುತ್ತಿದ್ದವರು. ಜೀವಕೋಶದೊಳಗಿನ ವರ್ಣತಂತುವಿನ ತುದಿ ವಯಸ್ಸಾದ ಹಾಗೆ ಸವೆಯುತ್ತದಂತೆ, ಚಪ್ಪಲಿಯ ಹಿಮ್ಮಡಿ ಸವೆದ ಹಾಗೆ. ತುಂಬಾ ಒತ್ತಡ ಉಂಡೆವು ಅಂದ ತಾಯಂದಿರಲ್ಲಿ ಆ ತುದಿ ಹತ್ತು ವರ್ಷ ಹೆಚ್ಚು ವಯಸ್ಸಾದವರಷ್ಟು ಸವೆದಿತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮವ್ವನ ರೇಷನ್ ಕಾರ್ಡಿನ ಫೋಟೋ. ಅದರಲ್ಲಿ ಅವಳಿಗೆ ಮೂವತ್ತನಾಲ್ಕು. ನೋಡಿದವರು ನನ್ನ ಅಜ್ಜಿಯಾ ಅಂತ ಕೇಳುತ್ತಾರೆ.

ಬ್ರಿಟನ್ನಿನ ಸರ್ಕಾರಿ ಕಚೇರಿಗಳಲ್ಲಿ 1967ರಿಂದ ಒಂದು ಸಮೀಕ್ಷೆ ನಡೆಯಿತು. ವೈಟ್‌ಹಾಲ್ ಅಧ್ಯಯನ ಅಂತ ಹೆಸರು. ಮೇಲಿನ ದರ್ಜೆಯ ಅಧಿಕಾರಿಗಿಂತ ತೀರಾ ಕೆಳಗಿನ ದರ್ಜೆಯ ನೌಕರ ಹೃದಯದ ಕಾಯಿಲೆಯಿಂದ ಸಾಯುವುದು ಮೂರು ಪಟ್ಟಿಗೂ ಹೆಚ್ಚು. ಬೀಡಿ ಸಿಗರೇಟಿನ ಲೆಕ್ಕ ಕಳೆದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಮೊದಲ ಸಲ ಗಂಡಸರನ್ನು ಮಾತ್ರ ನೋಡಿದ್ದರು (ಅಲ್ಲೂ ಅಷ್ಟೇ!), 1985ರಲ್ಲಿ ಶುರುವಾದ ಎರಡನೆಯದರಲ್ಲಿ ಹೆಂಗಸರೂ ಇದ್ದರು. ಮಾಡೋ ಕೆಲಸದ ಮೇಲೆ ತನಗೆ ಹಿಡಿತ ಇಲ್ಲದೇ ಇರೋದೇ ಎದೆಗೆ ಕುತ್ತು ಅಂತ ಅದರಲ್ಲಿ ಕಂಡಿತು. ಅವರೆಲ್ಲ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತವರು ಸ್ವಾಮಿ. ಪಿಂಚಣಿ ಇದ್ದವರು. ಅವರಿಗೇ ಹೀಗಾದರೆ ಮ್ಯಾನ್‌ಹೋಲಿನ ಪಕ್ಕ ಕಸ ಎತ್ತುವ ಗುತ್ತಿಗೆಯವಳಿಗೆ ಏನಾಗಬೇಕು?

ಇನ್ನೊಂದು ಮಾತು ನನ್ನಂಥವರಿಗೆ. ಅಂದರೆ ಕೇರಿಯಿಂದ ಹೊರಟು ಡಿಗ್ರಿ ಕೈಲಿ ಹಿಡಿದ ಹುಡುಗಿಯರಿಗೆ. ಅಮೆರಿಕದ ಆರ್ಲೀನ್ ಜೆರೋನಿಮಸ್ ಅನ್ನುವ ವಿದ್ವಾಂಸೆ 1992ರಲ್ಲಿ ಒಂದು ವಾದ ಮುಂದಿಟ್ಟಳು. ಕಪ್ಪು ಹೆಂಗಸರ ಮೈ ಬಿಸಿಲು ಮಳೆಗೆ ಬಿಟ್ಟ ಮರದ ಹಾಗೆ ಬೇಗ ಸವೆಯುತ್ತದೆ, ಜನಾಂಗದ್ವೇಷವೇ ಆ ಬಿಸಿಲು ಮಳೆ ಅಂತ. 2006ರಲ್ಲಿ ಅವಳೂ ಜೊತೆಯವರೂ ರಕ್ತದೊತ್ತಡ, ಸಕ್ಕರೆ, ಕೊಬ್ಬು ಎಲ್ಲ ಅಳೆದು ಲೆಕ್ಕ ಕೊಟ್ಟರು. ಹೆಚ್ಚು ಸವೆದವರು ಬಡ ಕಪ್ಪು ಹೆಂಗಸರು. ಎರಡನೆಯವರು ಯಾರು ಗೊತ್ತೇ? ಬಡತನ ದಾಟಿದ ಕಪ್ಪು ಹೆಂಗಸರು! ಬಡ ಬಿಳಿಯರಿಗಿಂತ ಅವರ ಮೈ ಹೆಚ್ಚು ಸವೆದಿತ್ತು.

ಇದನ್ನು ನಂಬೋಕೆ ನನಗೆ ಅಂಕಿ ಅಂಶ ಬೇಕಿರಲಿಲ್ಲ. ಎಂ.ಎ. ಓದುವಾಗ ನಗರದಲ್ಲಿ ಬಾಡಿಗೆಗೆ ಕೋಣೆ ಹುಡುಕಿದೆ. ಹನ್ನೊಂದು ಮನೆ ನೋಡಿದೆ. “ನೀವು ಯಾವ ಜನ?” ಅಂತ ಬಾಯಿಬಿಟ್ಟು ಕೇಳಿದವರು ಮೂವರು. ಉಳಿದವರು “ಮಾಂಸ ತಿಂತೀರಾ?” “ಊರಲ್ಲಿ ಮನೆ ಎಲ್ಲಿ ಬರುತ್ತೆ?” ಅಂತ ಸುತ್ತಿ ಬಳಸಿ ಕೇಳಿದರು. ಕೊನೆಗೆ ಸಿಕ್ಕ ಮನೆಯಲ್ಲಿ ಸುಳ್ಳು ಹೇಳಿ ಇದ್ದೆ. ಊರಿಂದ ಅವ್ವ ಬಂದರೆ ಅವಳ ಮಾತಿನಿಂದ ಗುಟ್ಟು ಬಿಟ್ಟೀತು ಅಂತ ಬಸ್‌ಸ್ಟ್ಯಾಂಡಿನಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಹಾಗೆ ಕಳಿಸಿದ ಪಾಪಿ ನಾನು. ಆ ವರ್ಷ ನನಗೆ ಮೂರು ತಿಂಗಳು ಮುಟ್ಟೇ ಆಗಲಿಲ್ಲ. ಡಾಕ್ಟರು “ಟೆನ್ಷನ್ ಮಾಡ್ಕೋಬೇಡಮ್ಮ, ಪರೀಕ್ಷೆ ಹತ್ರ ಬಂತಲ್ಲ ಅದಕ್ಕೆ” ಅಂದರು. ಪರೀಕ್ಷೆ ಏನೋ ಹತ್ತಿರದಲ್ಲೇ ಇತ್ತು. ಆದರೆ ಆ ಪರೀಕ್ಷೆ ದಿನಾ ಬೆಳಿಗ್ಗೆ ಮನೆಯ ಗೇಟು ತೆಗೆಯುವಾಗ ನಡೆಯುತ್ತಿತ್ತು.

2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ವರದಿಯೊಂದು ಬಂತು. ಅದರ ಪ್ರಕಾರ ಈ ದೇಶದಲ್ಲಿ ಮೇಲ್ಜಾತಿಯ ಹೆಂಗಸು ಸಾಯುವ ಸರಾಸರಿ ವಯಸ್ಸಿಗಿಂತ ದಲಿತ ಹೆಂಗಸು 14.6 ವರ್ಷ ಮೊದಲೇ ಸಾಯುತ್ತಾಳೆ. ಕೆಟ್ಟ ನೀರು, ಆಸ್ಪತ್ರೆ ಇಲ್ಲದ್ದು, ಅರೆಹೊಟ್ಟೆ ಎಲ್ಲ ಸೇರಿ ಆದ ಲೆಕ್ಕ ಅದು, ಒತ್ತಡ ಒಂದರಿಂದಲೇ ಆದದ್ದಲ್ಲ. ಆದರೆ ಈ ಎಲ್ಲವೂ ಒಂದೇ ಮೈಯಲ್ಲಿ ವಾಸ ಮಾಡುತ್ತವೆ ಅಲ್ಲವೇ? ಹದಿನಾಲ್ಕೂವರೆ ವರ್ಷ ಅಂದರೆ ಒಂದು ಮಗು ಹುಟ್ಟಿ ಒಂಬತ್ತನೇ ಕ್ಲಾಸು ಮುಗಿಸುವಷ್ಟು ಕಾಲ. ಅಷ್ಟು ಕಾಲವನ್ನು ನಮ್ಮವ್ವಂದಿರಿಂದ ಯಾರೋ ಕದಿಯುತ್ತಿದ್ದಾರೆ. ಕಳ್ಳ ಯಾರು ಅಂತ ಪೊಲೀಸ್ ಠಾಣೆಯಲ್ಲಿ ದೂರು ಬರೆಯೋಕೆ ಬರುವುದಿಲ್ಲ, ಅಷ್ಟೇ.

ಇಲ್ಲಿ ಬರೋದು ಈ ಬರಹದ ಮುಖ್ಯ ವಿಷಯ. ‘ಒತ್ತಡ’ ಅನ್ನೋ ಪದ ನಮ್ಮ ಕೇರಿಯಲ್ಲಿ ಇಲ್ಲ. ‘ಖಿನ್ನತೆ’ ಅಂತೂ ಪುಸ್ತಕದ ಪದ. ನಮ್ಮ ಹೆಂಗಸರ ಪದಗಳೇ ಬೇರೆ. ಸುಸ್ತು. ಸೊಂಟ ಕಿತ್ಕೊಂಡು ಬರ್ತದೆ. ತಲೆ ಧಿಂ ಅಂತದೆ. ಕಣ್ಣು ಕತ್ಲೆ ಬರ್ತದೆ. ಮೈ ಉರಿ. ಮತ್ತೆ, ದನಿ ತಗ್ಗಿಸಿ, ‘ಬಿಳಿಸೆರಗು’. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಜೊತೆಯವರು ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಮನೆಮನೆಗೆ ಹೋಗಿ ಮಾತಾಡಿಸಿ, ಪರೀಕ್ಷೆಯನ್ನೂ ಮಾಡಿಸಿ 2005ರಲ್ಲಿ ಪ್ರಕಟಿಸಿದರು. ಬಿಳಿ ಹೋಗುತ್ತದೆ ಅಂತ ಹೇಳಿಕೊಂಡ ಹೆಂಗಸರಲ್ಲಿ ಸೋಂಕಿನ ನಂಟು ದುರ್ಬಲ. ಬೇಸರ, ಆತಂಕ, ಬದುಕಿನ ಸಂಕಟಗಳ ನಂಟು ಗಟ್ಟಿ. ನಮ್ಮ ಹೆಂಗಸರು ದುಃಖವನ್ನು ಕಣ್ಣಿನಿಂದ ಹರಿಸುವ ಹಾಗಿಲ್ಲ, ‘ಯಾಕೆ ಶನಿ ಹಂಗೆ ಅಳ್ತೀಯಾ’ ಅಂತಾರೆ. ಅದಕ್ಕೇ ಅದನ್ನು ಸೊಂಟದ ಮೇಲೆ, ಬಿಳಿಸೆರಗಿನ ಮೇಲೆ ಹೊರಿಸಿ ಹೇಳುತ್ತಾರೆ. ಸೊಂಟನೋವಿಗೆ ಆಸ್ಪತ್ರೆಗೆ ಹೋಗೋಕೆ ಗಂಡ ಬಿಡುತ್ತಾನೆ. ಸಂಕಟಕ್ಕೆ ಯಾರು ಬಿಡುತ್ತಾರೆ?

ಎಲ್ಲ ಬಿಳಿಸೆರಗೂ ಸಂಕಟದ್ದೇ ಅಂತ ಖಂಡಿತ ಯಾರೂ ತಿಳಿಯಬೇಡಿ. ಸೋಂಕಿರಬಹುದು. ವಾಸನೆ, ರಕ್ತ ಕಂಡರೆ ಗರ್ಭಕೊರಳಿನ ಕ್ಯಾನ್ಸರಿನ ಪರೀಕ್ಷೆ ಮಾಡಿಸಲೇಬೇಕು, ನಾಚಿಕೆ ಬೇಡ. ನಾನು ಹೇಳುತ್ತಿರುವುದು ಪರೀಕ್ಷೆಯನ್ನೇ ಮಾಡದೆ ಕತ್ತಿ ಎತ್ತುವವರ ಬಗ್ಗೆ.

ನಮ್ಮವ್ವನಿಗೆ ಮೂವತ್ತಮೂರಾಗಿತ್ತು. ಸುಸ್ತು, ಸೊಂಟನೋವು, ಬಿಳಿಸೆರಗು. ಪೇಟೆಯ ಖಾಸಗಿ ಆಸ್ಪತ್ರೆಗೆ ಹೋದಳು. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಆಡಿಸಿ “ಗರ್ಭಕೋಶ ಕೊಳೆತಿದೆ, ತೆಗೀದಿದ್ರೆ ಕ್ಯಾನ್ಸರ್ ಆಗುತ್ತೆ” ಅಂದರು. ಕೊಳೆತಿದೆ! ಕುಂಬಳಕಾಯಿಯಾ ಅದು? ಅಪ್ಪ ಎರಡು ಕುರಿ ಮಾರಿದ, ಬಡ್ಡಿಗೆ ಸಾಲ ಮಾಡಿದ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದಾರೆ ಅಂತ ನಮಗೆ ಗೊತ್ತಾದದ್ದು ಹತ್ತು ವರ್ಷ ಆದಮೇಲೆ, ಆ ಚೀಟಿ ಓದುವಷ್ಟು ಇಂಗ್ಲಿಷು ನಾನು ಕಲಿತ ಮೇಲೆ. ಆ ವಯಸ್ಸಿಗೆ ಅಂಡಾಶಯ ಹೋದರೆ ಮೂಳೆ ಬೇಗ ಟೊಳ್ಳಾಗುತ್ತದೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಸುಸ್ತು ಹೋಯಿತೇ? ಇಲ್ಲ. ಸಾಲ ತೀರಿಸೋಕೆ ನಲವತ್ತೈದನೇ ದಿನಕ್ಕೆ ಗದ್ದೆಗಿಳಿದಳು. ಸಂಘದ ಸಾಲ ಶುರುವಾದದ್ದೇ ಅಲ್ಲಿಂದ. ಬುಧವಾರದ ಡವಡವವೂ ಅಲ್ಲಿಂದಲೇ. ಒತ್ತಡಕ್ಕೆ ಮದ್ದು ಕೇಳಿ ಹೋದವಳಿಗೆ ಜೀವಮಾನದ ಒತ್ತಡವನ್ನು ಕೊಟ್ಟು, ರಸೀತಿ ಬರೆದು, ದುಡ್ಡೂ ಎಣಿಸಿಕೊಂಡರು.

ಇದೇನು ನಮ್ಮೂರಿನ ವಿಶೇಷವೇ? 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದ ಸಂಗತಿ ಹೊರಬಿತ್ತು. ಬಹುಪಾಲು ಲಂಬಾಣಿ ತಾಂಡಾದವರು, ದಲಿತರು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರ ಸಮಿತಿ ಮಾಡಿ ಲೆಕ್ಕ ಹಾಕಿಸಿದರೆ ಕಬ್ಬು ಕಡಿಯುವ ಹೆಂಗಸರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವೇ ಇರಲಿಲ್ಲ. ಮುಟ್ಟಿನ ದಿನ ಕೆಲಸ ತಪ್ಪಿದರೆ ಗುತ್ತಿಗೆದಾರ ದಂಡ ಹಾಕುತ್ತಾನೆ, ಹೊಲದಲ್ಲಿ ಕಕ್ಕಸು ಇಲ್ಲ, ಸ್ನಾನಕ್ಕೆ ಮರೆ ಇಲ್ಲ. ಹಾಗಾದರೆ ಮುಟ್ಟನ್ನೇ ತೆಗೆಸಿಬಿಡು! ಅದೇ ಬೀಡಿನ ಗುಂಪುಗಳು ನಮ್ಮ ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಕಬ್ಬು ಕಡಿಯಲೂ ಬರುತ್ತವೆ. ನಾವು ಟೀಗೆ ಹಾಕಿಕೊಳ್ಳುವ ಸಕ್ಕರೆ ಯಾರ ಮೈಯಿಂದ ಇಳಿದದ್ದು ಅಂತ ಒಂದು ಗಳಿಗೆ ಯೋಚಿಸಿ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಮೂರು ತಿಂಗಳೊಳಗೆ ಜಾರಿ ಮಾಡಬೇಕು ಅಂತ ಆದೇಶಿಸಿತು. ಆದೇಶ ಒಳ್ಳೆಯದೇ. ಅದು ನಮ್ಮ ತಾಂಡಾದ ಭಾಷೆಗೆ, ನಮ್ಮ ಕೇರಿಯ ಭಾಷೆಗೆ ಇಳಿಯಬೇಕಲ್ಲ.

ಮೈಮೇಲೆ ದೇವರು ಬರುವ ಬಗ್ಗೆ ಒಂದು ಮಾತು. ನಮ್ಮ ವಿಚಾರವಾದಿ ಗೆಳೆಯರಿಗೆ ಇದು ರುಚಿಸಲಿಕ್ಕಿಲ್ಲ. ನಮ್ಮ ಪಕ್ಕದ ಮನೆಯ ಚಿಕ್ಕವ್ವನಿಗೆ ಮಾರಿಹಬ್ಬದಲ್ಲಿ ಮೈಮೇಲೆ ಬರುತ್ತಿತ್ತು. ವರ್ಷವೆಲ್ಲ ಒದೆ ತಿನ್ನುವವಳು ಅವತ್ತು ಗಂಡನ ಜುಟ್ಟು ಹಿಡಿದು ಕೂಗುತ್ತಿದ್ದಳು. ಅವನು ಕಾಲಿಗೆ ಬೀಳುತ್ತಿದ್ದ. ಊರವರು ನೀರು ತಂದು ಕಾಲಿಗೆ ಹಾಕುತ್ತಿದ್ದರು. ಆಮೇಲೆ ಒಂದು ವಾರ ಅವಳ ಮುಖ ಹಗುರಾಗಿರುತ್ತಿತ್ತು. ನಾನು ದೇವರನ್ನು ನಂಬುವವಳಲ್ಲ. ಆದರೆ ನಮ್ಮ ಸಂಘಟನೆಯ ಹುಡುಗರು ಹೋಗಿ ‘ಇದು ಮೂಢನಂಬಿಕೆ’ ಅಂತ ಭಾಷಣ ಮಾಡಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಸರಿ ಅಂತಲೇ ಇಟ್ಟುಕೊಳ್ಳೋಣ. ಅವಳು ಕೂಗಲು ಇದ್ದ ಆ ಒಂದು ದಿನದ ಬದಲಿಗೆ ಏನು ಕೊಟ್ಟಿರಿ? ಏನೂ ಇಲ್ಲ. ಒದೆ ಹಾಗೇ ಇದೆ.

ಈಗ ನಮ್ಮವರ ಬಗ್ಗೆಯೇ ಹೇಳಬೇಕು. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಿ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49ರ ಹೆಂಗಸರಲ್ಲಿ ನೂರಕ್ಕೆ 44.4 ಮಂದಿ ಗಂಡನಿಂದ ಹಿಂಸೆ ಉಂಡವರು. 2015–16ರಲ್ಲಿ ಅದು 20.6 ಇತ್ತು. ಹೊಡೆಯುವ ಇವರೆಲ್ಲ ಮೇಲ್ಜಾತಿಯವರೇ? ಇವರೆಲ್ಲ ಬಂಡವಾಳಶಾಹಿಗಳೇ? ನಮ್ಮ ಮನೆಗಳಲ್ಲೇ ರಾತ್ರಿ ಹನ್ನೆರಡರವರೆಗೆ ಅಧ್ಯಯನ ಶಿಬಿರದ ಚರ್ಚೆ ನಡೆಯುತ್ತದೆ. ಬ್ರಾಹ್ಮಣಶಾಹಿಯನ್ನು ಸೀಳಿ ಹಾಕುತ್ತಾರೆ. ಐದು ಸಲ ಟೀ ಬರುತ್ತದೆ. ಆ ಟೀ ಎಲ್ಲಿಂದ ಬಂತು ಅಂತ ಯಾವ ಕಾಮ್ರೇಡೂ ತಲೆ ಎತ್ತಿ ನೋಡುವುದಿಲ್ಲ. ಅಮ್ಮನ ಕಣ್ಣೀರಿನ ಮೇಲೆ ಹತ್ತು ಪದ್ಯ ಬರೆದವನು ಅಮ್ಮನ ಒಂದು ತಟ್ಟೆ ತೊಳೆದಿಲ್ಲ. ನನ್ನ ಪದ್ಯಗಳೂ ಅವುಗಳಲ್ಲಿ ಸೇರಿವೆ ಅಂತ ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಹಾಸ್ಟೆಲ್ಲಿಂದ ಊರಿಗೆ ಬಂದಾಗ ನಾನೂ ‘ಓದಿದವಳು’ ಅಂತ ಕೂತು ಉಂಡವಳೇ.

ಬಾಬಾಸಾಹೇಬರ ಫೋಟೋ ಎಲ್ಲರ ಮನೆಯಲ್ಲೂ ಇದೆ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅವರು ಎದ್ದು ನಿಂತು ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗಬೇಕು, ಅದರ ಖರ್ಚು ಅವಳ ಮೇಲೆ ಬೀಳಬಾರದು ಅನ್ನೋದು ಅವರ ವಾದದ ತಿರುಳು. ವಿಶ್ರಾಂತಿಯನ್ನು ಅವರು ಕಾನೂನಿನ ಪುಸ್ತಕದಲ್ಲಿ ಬರೆಸಬೇಕಾದ ಬಾಕಿ ಅಂತ ನೋಡಿದರು. ಆ ಬಾಕಿ ಎಷ್ಟು ತೀರಿದೆ? 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಗಾರ್ಮೆಂಟ್ಸ್ ಹುಡುಗಿಗೆ, ಐಟಿ ಕಂಪನಿಯವಳಿಗೆ ಅದು ಬೇಕಾದದ್ದೇ, ನಾನು ಸ್ವಾಗತಿಸುತ್ತೇನೆ. ಆದರೆ ಕಬ್ಬಿನ ಗದ್ದೆಯ ಕೂಲಿಯವಳಿಗೆ, ಮನೆಗೆಲಸದವಳಿಗೆ ರಜೆ ಕೊಡೋ ಮಾಲೀಕ ಯಾರು? ಹಾಜರಿ ಪುಸ್ತಕವೇ ಇಲ್ಲದವಳಿಗೆ ರಜೆ ಎಲ್ಲಿಂದ? 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತು. ಹತ್ತು ವರ್ಷ ಜೈಲು, ಐದು ಲಕ್ಷ ದಂಡದವರೆಗೂ ಇದೆ ಅದರಲ್ಲಿ. ಅದು ಬರುವ ಮೊದಲು ಎಷ್ಟೋ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ಆ ಕಾನೂನಿನ ಬಗ್ಗೆ ನಮ್ಮ ಕೇರಿಯ ಹೆಂಗಸರಿಗೆ ಹೇಳಿದವರು ಯಾರು? ಸಾಲ ವಸೂಲಿಯವನಂತೂ ಹೇಳಿರಲಾರ.

ಉಸಿರಾಟ, ಧ್ಯಾನ ಎಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ನಿಧಾನವಾಗಿ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಬುಧವಾರದ ಹಿಂದಿನ ರಾತ್ರಿ ಅವ್ವನಿಗೆ ನಾನೇ ಹೇಳಿಕೊಟ್ಟಿದ್ದೇನೆ, ಸ್ವಲ್ಪ ನಿದ್ದೆ ಹತ್ತುತ್ತದೆ. ಬೆಳಿಗ್ಗೆ ಕಂತಿನವನು ಬಂದೇ ಬರುತ್ತಾನೆ.

ಜಿಂಬಾಬ್ವೆ ದೇಶದಲ್ಲಿ ಡಿಕ್ಸನ್ ಚಿಬಂಡಾ ಅನ್ನೋ ಮನೋವೈದ್ಯ 2006ರಲ್ಲಿ ಒಂದು ಕೆಲಸ ಶುರು ಮಾಡಿದ. ಹರಾರೆ ನಗರದ ಬಡವರ ಬಡಾವಣೆಯಲ್ಲಿ ಆಸ್ಪತ್ರೆಯ ಹೊರಗೆ ಮರದ ಬೆಂಚು ಹಾಕಿಸಿದ. ಬೆಂಚಿನ ಮೇಲೆ ಕೂರುವುದು ಅದೇ ಬಡಾವಣೆಯ ಅಜ್ಜಿಯರು, ತರಬೇತಿ ಕೊಟ್ಟವರು. ಅಲ್ಲಿಯ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ‘ಕುಫುಂಗಿಸಿಸಾ’ ಅಂತ ಹೆಸರು. ಅಂದರೆ ಅತಿಯಾಗಿ ಯೋಚನೆ ಮಾಡೋದು. ನಮ್ಮವ್ವ ‘ಯೋಚ್ನೆ ಹತ್ಕಂಡದೆ’ ಅಂತಾಳಲ್ಲ, ಅದೇ ಮಾತು! 573 ಜನರನ್ನು ಸೇರಿಸಿ ಮಾಡಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಅಜ್ಜಿಯರ ಹತ್ತಿರ ಕೂತು ಒಂದೊಂದೇ ತೊಂದರೆಗೆ ದಾರಿ ಹುಡುಕಿದವರಲ್ಲಿ ಆರು ತಿಂಗಳ ನಂತರವೂ ಸಂಕಟ ಕಡಿಮೆ ಇತ್ತು. ನಮ್ಮಲ್ಲಿ ಜಗಲಿಗೆ ಬರವೇ? ಅಜ್ಜಿಯರಿಗೆ ಬರವೇ? ಬೆಂಗಳೂರಿನ ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೇ ಮನಸ್ಸಿನ ಕಾಯಿಲೆ ನೋಡುವುದನ್ನು ಕಲಿಸಿ ತೋರಿಸಿದ್ದರು. ಆ ಮಾದರಿಯನ್ನು ನೋಡಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಮು ಸರ್ಕಾರಿ ಚಿಕಿತ್ಸೆಯನ್ನು ಹಕ್ಕು ಅಂತ ಹೇಳುತ್ತದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಇವು ದಾನವಲ್ಲ, ನಮ್ಮದು, ಕಿತ್ತುಕೊಂಡಾದರೂ ಪಡೆಯಬೇಕು. ಆರೋಗ್ಯ ಕೇಂದ್ರಕ್ಕೆ ಹತ್ತು ಹೆಂಗಸರು ಒಟ್ಟಿಗೆ ಹೋಗಿ ರಕ್ತದೊತ್ತಡ, ಸಕ್ಕರೆ, ರಕ್ತದ ಅಂಶ ನೋಡಿ ಅಂತ ಕೂರಿ. ಗರ್ಭಕೋಶ ತೆಗೆಯಬೇಕು ಅಂತ ಯಾರಾದರೂ ಅಂದರೆ ಅವತ್ತೇ ಒಪ್ಪಬೇಡಿ, ಸರ್ಕಾರಿ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಅಂಡಾಶಯ ಉಳಿಸುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಚೀಟಿ ಓದಲು ಬರುವ ಮಗಳೋ ಮೇಷ್ಟ್ರೋ ಜೊತೆಗಿರಲಿ. ನಮ್ಮ ಜೊತೆ ಅವತ್ತು ಯಾರೂ ಇರಲಿಲ್ಲ.

ಮತ್ತೆ ಸಂಘಟನೆಯ ಗೆಳೆಯರೇ, ಕೂಲಿ ಹೆಚ್ಚಿಸಿ ಅನ್ನುವ ಬೇಡಿಕೆಪಟ್ಟಿಯಲ್ಲಿ ಗದ್ದೆಯ ಹತ್ತಿರ ಕಕ್ಕಸು, ಕುಡಿಯುವ ನೀರು, ಮುಟ್ಟಿನ ದಿನದ ಕೂಲಿ ಇವನ್ನು ಸೇರಿಸಿ. ಕೊನೆಯ ಸಾಲಿನಲ್ಲಲ್ಲ. ಸೇರಿಸುವ ಸಭೆಗೆ ಹೆಂಗಸರನ್ನು ಕರೆಯಿರಿ. ಅವತ್ತು ಟೀ ನೀವು ಕಾಯಿಸಿ.

ಆ ಕಸಗುಡಿಸುವ ಅಮ್ಮನ ಪ್ರಶ್ನೆಯನ್ನು ನಾನು ನಮ್ಮ ಮನೆಗೆ ತಂದೆ. ಯಾವ ಹೊತ್ತಿನ ಅರ್ಧ ಗಂಟೆ? ಭಾನುವಾರ ಮಧ್ಯಾಹ್ನದ್ದು ಅಂತ ತೀರ್ಮಾನಿಸಿದೆವು. ತಮ್ಮನಿಗೆ ಪಾತ್ರೆ, ಅಪ್ಪನಿಗೆ ನೀರು, ನನಗೆ ಒಲೆ. ಅಪ್ಪ ಮೊದಲ ವಾರ ಮುಖ ಊದಿಸಿಕೊಂಡು ಅರಳಿಕಟ್ಟೆಗೆ ಹೋದ. ಎರಡನೇ ವಾರ ಬಿಂದಿಗೆ ಎತ್ತಿದ, ಯಾರೂ ನೋಡದ ಹೊತ್ತು ನೋಡಿ. ಅವ್ವನಿಗೆ ಮೊದಮೊದಲು ಕೂರೋಕೇ ಬರಲಿಲ್ಲ. ಕೂತಳು, ಎದ್ದಳು, ಅಕ್ಕಿ ಆರಿಸೋಕೆ ಹೋದಳು, ನಾನು ಮೊರ ಕಿತ್ತುಕೊಂಡೆ. ಮೂರನೇ ಭಾನುವಾರ ಹಜಾರದಲ್ಲಿ ಚಾಪೆ ಹಾಕಿಕೊಂಡು ಗೋಡೆಕಡೆ ತಿರುಗಿ ಮಲಗಿಬಿಟ್ಟಳು. ಬಾಯಿ ಸ್ವಲ್ಪ ತೆರೆದಿತ್ತು. ಪಕ್ಕದ ಮನೆಯ ಚಿಕ್ಕವ್ವ ಬೆಂಕಿ ಕೇಳೋಕೆ ಬಂದವಳು ಹೊಸ್ತಿಲಲ್ಲೇ ನಿಂತು ಗಾಬರಿಯಾಗಿ ಕೇಳಿದಳು: “ಯಾಕವ್ವ, ನಿಮ್ಮವ್ವಂಗೆ ಉಸಾರಿಲ್ವಾ?”

“ಉಸಾರಾಗೇ ಅವ್ಳೆ ಚಿಕ್ಕವ್ವ. ಸುಮ್ನೆ ಮಲಗವ್ಳೆ” ಅಂದೆ.

ಅವಳು ಒಳಗೆ ಬಂದು ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಬೆಂಕಿ ತೆಗೆದುಕೊಳ್ಳೋದನ್ನ ಮರೆತು ಚಾಪೆಯ ತುದಿಯಲ್ಲಿ ಕೂತಳು.